11 ಗಂಟೆ ದುಡಿದು 8 ಎಂದು ಬರೆಯುವ ಕೆಲಸ: ಗುತ್ತಿಗೆ ಟೆಕ್ ಕಂಪನಿಗಳಲ್ಲಿ ಇರುವವರು ಅನುಭವ ಹೇಳುವಿರಾ?

ಎರಡು ಬ್ಯಾಡ್ಜ್

14 ತಿಂಗಳಿನಿಂದ ಒಂದು ಗುತ್ತಿಗೆ ಕಂಪನಿಯಲ್ಲಿದ್ದೇನೆ. ಸಂಬಳ ಕೊಡುವವರು ಇವರು, ಕೆಲಸ ಹೇಳುವವರು ಗ್ರಾಹಕ ಸಂಸ್ಥೆಯವರು. ಕೊರಳಿಗೆ ಎರಡು ಬ್ಯಾಡ್ಜ್. ಒಂದು ತೋರಿಸಿದರೆ ಗೇಟು ತೆರೆಯುತ್ತದೆ, ಇನ್ನೊಂದು ತೋರಿಸಿದರೆ ನಾನು ಯಾರವಳೆಂದು ತಿಳಿಯುತ್ತದೆ. ಇದಕ್ಕೆ ಮುಂಚೆ ಏಳು ವರ್ಷ ಸ್ವಂತ ಉತ್ಪನ್ನ ಮಾಡುವ ಕಂಪನಿಗಳಲ್ಲಿದ್ದೆ, ಹಾಗಾಗಿ ಇಲ್ಲಿಯ ರೀತಿನೀತಿ ನನಗೆ ಹೊಸದು.

ಪ್ರತಿ ಶುಕ್ರವಾರ ಸಂಜೆಯೊಳಗೆ ಟೈಮ್‌ಶೀಟ್ ತುಂಬಬೇಕು. ದಿನಕ್ಕೆ 8, ವಾರಕ್ಕೆ 40. ನಿಜವಾಗಿ ಕೆಲಸ 11 ಗಂಟೆಗೆ ಕಡಿಮೆ ಇರುವುದಿಲ್ಲ. ಆರಂಭದಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆದೆ. ಹತ್ತೇ ನಿಮಿಷದಲ್ಲಿ ಮ್ಯಾನೇಜರ್ ಫೋನ್ ಮಾಡಿ, 8 ಎಂದು ತಿದ್ದಿ ಮತ್ತೆ ಕಳುಹಿಸಲು ಹೇಳಿದರು. ಅವರು ಯಾವಾಗಲೂ ಫೋನ್ ಮಾಡುತ್ತಾರೆ, ಬರೆಯುವುದಿಲ್ಲ. ಆ ವ್ಯತ್ಯಾಸ ನನಗೆ ಅರ್ಥವಾಗಲು ಆರು ತಿಂಗಳು ಬೇಕಾಯಿತು.

ಇನ್ನು ವಾರ್ಷಿಕ ವಿಮರ್ಶೆ. ಅದನ್ನು ಬರೆದವರು ನನ್ನನ್ನು ಈವರೆಗೆ ಮೂರು ಸಲ ನೋಡಿದ್ದಾರೆ, ಅದರಲ್ಲಿ ಎರಡು ಸಲ ಪರದೆಯ ಮೇಲೆ. ಬರೆದ ಒಂದೇ ಪ್ಯಾರಾದಲ್ಲಿ ನಾನು ಎಂದೂ ಕೆಲಸ ಮಾಡದ ಪ್ರಾಜೆಕ್ಟಿನ ಹೆಸರಿತ್ತು. ಕೇಳಿದ್ದಕ್ಕೆ "ಅದು ಸಣ್ಣ ತಪ್ಪು, ರೇಟಿಂಗ್ ಮಾತ್ರ ಸರಿಯಾಗಿದೆ" ಎಂದರು.

ಇದು ನನ್ನ ಕಂಪನಿಯ ಕಥೆಯೇ, ಅಥವಾ ಗುತ್ತಿಗೆ ಕಂಪನಿಗಳೆಲ್ಲ ಹೀಗೆಯೇ? ಬಿಡಬೇಕೋ ಇರಬೇಕೋ ಎಂದು ನಿರ್ಧರಿಸುವ ಮುಂಚೆ ಕೇಳುತ್ತಿದ್ದೇನೆ. ದಯವಿಟ್ಟು ಯಾವ ಕಂಪನಿಯ ಹೆಸರನ್ನೂ ಬರೆಯಬೇಡಿ.

ಒಂದೇ ಕುರ್ಚಿ

ಎಲ್ಲರ ಮನೆಯ ದೋಸೆಯೂ ತೂತೇ. ನಿಮ್ಮದರಲ್ಲಿ ತೂತು ಸ್ವಲ್ಪ ದೊಡ್ಡದಿರಬಹುದು.

ನಾನು ಒಂಬತ್ತು ವರ್ಷ ಒಂದೇ ಗ್ರಾಹಕರ ಬಳಿ, ಒಂದೇ ಮಹಡಿಯಲ್ಲಿ, ಒಂದೇ ಕುರ್ಚಿಯಲ್ಲಿ ಕುಳಿತಿದ್ದೇನೆ. ಈ ಅವಧಿಯಲ್ಲಿ ನನಗೆ ಸಂಬಳ ಕೊಡುವ ಕಂಪನಿ ಮೂರು ಸಲ ಬದಲಾಯಿತು. ಒಪ್ಪಂದದ ಅವಧಿ ಮುಗಿಯುತ್ತದೆ, ಹೊಸ ಟೆಂಡರ್ ಕರೆಯುತ್ತಾರೆ, ಕಡಿಮೆ ದರ ಕೂಗಿದವರಿಗೆ ಕೆಲಸ ಸಿಗುತ್ತದೆ. ಗೆದ್ದವರ ಬಳಿ ಈ ವ್ಯವಸ್ಥೆ ಗೊತ್ತಿರುವವರು ಯಾರೂ ಇರುವುದಿಲ್ಲ. ಆಗ ಸೋತ ಕಂಪನಿಯ ನಮ್ಮನ್ನೇ ಕರೆದು ಹೊಸ ಬ್ಯಾಡ್ಜ್ ಕೊಡುತ್ತಾರೆ. ಶುಕ್ರವಾರ ಒಬ್ಬರ ನೌಕರ, ಸೋಮವಾರ ಇನ್ನೊಬ್ಬರ ನೌಕರ. ಅರ್ಧ ಬರೆದಿಟ್ಟ ಕೋಡ್ ಹಾಗೆಯೇ ತೆರೆದಿರುತ್ತದೆ. ಸೇವಾವಧಿ ಮಾತ್ರ ಸೊನ್ನೆಯಿಂದ ಶುರು. ಉಳಿದ ರಜೆ, ಬಡ್ತಿಯ ಸರದಿ, ಹಳೆಯ ಮ್ಯಾನೇಜರ್ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಎಲ್ಲವೂ ಆ ವಾರಾಂತ್ಯದಲ್ಲಿ ಹೊಳೆಯ ಪಾಲು.

ಎರಡನೆಯ ಸಲ ಹೀಗಾದಾಗ ನಿಷ್ಠೆ ಎಂಬ ಪದವನ್ನು ಕಂಪನಿಗಳ ವಿಷಯದಲ್ಲಿ ಬಳಸುವುದನ್ನು ಬಿಟ್ಟೆ. ಕೆಲಸದ ಮೇಲೆ ಪ್ರೀತಿ ಇದೆ, ಜೊತೆಗಾರರ ಮೇಲೆ ಇದೆ. ಅಷ್ಟು ಸಾಕು.

ಮಧ್ಯದವನು

ಬೈಗುಳ ಬೀಳುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಾನು ಅಂಥದೇ ಕಂಪನಿಯಲ್ಲಿ ಡೆಲಿವರಿ ಮ್ಯಾನೇಜರ್, ಅಂದರೆ ತಂಡದಿಂದ ಕೆಲಸ ಮಾಡಿಸಿ ಗ್ರಾಹಕರಿಗೆ ಒಪ್ಪಿಸುವವನು. 23 ಜನ ನನ್ನ ಕೆಳಗಿದ್ದಾರೆ, ಮೂವರು ಗ್ರಾಹಕರು ನನ್ನ ಮೇಲಿದ್ದಾರೆ.

ಮೊದಲು ನಿಮ್ಮ ಒಪ್ಪಂದ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಗಂಟೆಗೆ ಇಷ್ಟು ಎಂದು ಬಿಲ್ ಮಾಡುತ್ತೇವೆ, ಸಾಮಾನ್ಯವಾಗಿ ಮೇಲ್ಮಿತಿಯೊಂದಿಗೆ. ದಿನಕ್ಕೆ 8 ಗಂಟೆಗಿಂತ ಹೆಚ್ಚಿಗೆ ಹಣ ಬರುವುದಿಲ್ಲ. ಹೆಚ್ಚು ಬರೆದರೆ ಗ್ರಾಹಕರ ಅನುಮತಿ ಎಲ್ಲಿ ಎಂದು ಲೆಕ್ಕಪತ್ರ ವಿಭಾಗ ಕೇಳುತ್ತದೆ. ಇನ್ನೊಂದರಲ್ಲಿ ಇಡೀ ಕೆಲಸಕ್ಕೆ ಒಂದೇ ಮೊತ್ತ. ಅಲ್ಲಿ ನೀವು ಬರೆಯುವ ಪ್ರತಿ ಹೆಚ್ಚುವರಿ ಗಂಟೆ, ಕೆಲಸವನ್ನು ಅಗ್ಗವಾಗಿ ಅಂದಾಜಿಸಿದವರ ತಪ್ಪಿಗೆ ಸಾಕ್ಷಿ. ಅಂದಾಜು ಮಾಡಿದವರು ಮಾರಾಟ ವಿಭಾಗದವರು. ಸಹಿ ಬಿದ್ದ ದಿನವೇ ಅವರಿಗೆ ಬೋನಸ್ ಬಂದಿರುತ್ತದೆ. ಉಳಿದದ್ದನ್ನು ನಾವು ನುಂಗಬೇಕು.

ಇನ್ನೊಂದು ಲೆಕ್ಕ. ನಿಮಗಾಗಿ ಗ್ರಾಹಕರು 100 ಕೊಡುತ್ತಾರೆ, ನಿಮ್ಮ ಮೇಲಿನ ಖರ್ಚು 70 ಎಂದಿಟ್ಟುಕೊಳ್ಳಿ. ದರ ಮೂರು ವರ್ಷ ಬದಲಾಗುವುದಿಲ್ಲ ಎಂದು ಒಪ್ಪಂದ. ವರ್ಷಕ್ಕೆ ಶೇಕಡಾ 8 ಸಂಬಳ ಏರಿಸಿದರೆ ಖರ್ಚು ಎರಡನೆಯ ವರ್ಷ 75.6, ಮೂರನೆಯ ವರ್ಷ 81.6. ಉಳಿಕೆ 30ರಿಂದ 18ಕ್ಕೆ ಇಳಿಯಿತು. ನನ್ನ ಮೇಲಿನವರಿಗೆ ಮಾತ್ರ ಪ್ರತಿ ವರ್ಷ 30 ಬೇಕು. ಇರುವ ದಾರಿ ಎರಡೇ: ನಿಮ್ಮ ಸಂಬಳ ಏರಿಸದಿರುವುದು, ಇಲ್ಲವೇ ನಿಮ್ಮನ್ನು ತೆಗೆದು ಹೊಸಬರನ್ನು ಕೂರಿಸುವುದು. ಅನುಭವ ಹೆಚ್ಚಿದಷ್ಟೂ ನೌಕರ ನಷ್ಟದ ಬಾಬ್ತು ಆಗುವ ವಿಚಿತ್ರ ವ್ಯಾಪಾರ ಇದು. ನಾನು ಕಟ್ಟಿದ್ದಲ್ಲ, ನಾನೂ ಇದರೊಳಗೇ ಇದ್ದೇನೆ.

ಮೂರನೇ ಮಹಡಿ

ಲೆಕ್ಕ ಅಚ್ಚುಕಟ್ಟಾಗಿದೆ, ಒಪ್ಪಿದೆ. ಆದರೆ ಬೇರೆ ಪ್ರಾಜೆಕ್ಟಿನ ಹೆಸರಿದ್ದ ವಿಮರ್ಶೆಗೆ ಯಾವ ಒಪ್ಪಂದ ಕಾರಣ ಎಂದು ತಿಳಿಸುವಿರಾ? ಆ ಪ್ಯಾರಾವನ್ನು ಒಮ್ಮೆ ಓದಿ ಕಳುಹಿಸಲು ಎಷ್ಟು ಬಿಲ್ಲಿಂಗ್ ಗಂಟೆ ಬೇಕು?

ಮಧ್ಯದವನು

ಅದಕ್ಕೆ ನನ್ನ ಬಳಿ ಉತ್ತರವಿಲ್ಲ. 23 ವಿಮರ್ಶೆಗಳನ್ನು ಎರಡು ರಾತ್ರಿಯಲ್ಲಿ ಬರೆದದ್ದು ನನಗೂ ಗೊತ್ತು. ನಕಲು ಮಾಡಿದ್ದೂ ಇದೆ. ಹೆಸರು ಬದಲಿಸಲು ಮರೆತಿಲ್ಲ ಎಂದುಕೊಂಡಿದ್ದೇನೆ.

ಎಣಿಕೆಯವಳು

ಪ್ರಾಮಾಣಿಕತೆ ಮೆಚ್ಚಿದೆ. ಆದರೂ ವಿಮರ್ಶೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು.

ನೌಕರರನ್ನು ಸಾಲಿನಲ್ಲಿ ನಿಲ್ಲಿಸಿ ಮೇಲಿನ ಶೇಕಡಾ 20, ನಡುವಿನ 70, ಕೆಳಗಿನ 10 ಎಂದು ಸೀಳುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್. ಮೈಕ್ರೋಸಾಫ್ಟ್ ಇಂಥದೇ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿ, 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಗುತ್ತಿಗೆ ಕಂಪನಿಗಳಲ್ಲಿ ಇದು ಬೆಲ್ ಕರ್ವ್ (ನಡುವೆ ಉಬ್ಬಿ ಎರಡೂ ಬದಿ ಇಳಿಯುವ ಗಂಟೆಯಾಕಾರದ ರೇಖೆ) ಎಂಬ ಹೆಸರಿನಲ್ಲಿ ಗಟ್ಟಿಯಾಗಿ ಕುಳಿತಿದೆ. ಸಾವಿರಾರು ಜನರನ್ನು ಒಟ್ಟಿಗೆ ಅಳೆದರೆ ಅಂಥದೊಂದು ರೇಖೆ ಬಂದೀತು. ನಮ್ಮದು ಆರು ಜನರ ತಂಡ. ಆರರಲ್ಲಿ ಶೇಕಡಾ 10 ಎಂದರೆ ಅರ್ಧ ಮನುಷ್ಯನಿಗಿಂತ ತುಸು ಹೆಚ್ಚು. ಆ ಅರ್ಧ ಮನುಷ್ಯನನ್ನು ಹುಡುಕಲು ಪ್ರತಿ ವರ್ಷ ಸಭೆ ನಡೆಯುತ್ತದೆ, ಮತ್ತು ಪ್ರತಿ ವರ್ಷವೂ ಸಿಗುವುದು ಆ ವರ್ಷ ಹೆರಿಗೆ ರಜೆಗೋ ದೀರ್ಘ ಕಾಯಿಲೆಯ ರಜೆಗೋ ಹೋಗಿದ್ದವರೇ. ಕಾಕತಾಳೀಯ ಎನ್ನುತ್ತಾರೆ.

ಗುತ್ತಿಗೆ ಕಂಪನಿಯಲ್ಲಿ ಇದು ಇನ್ನಷ್ಟು ಕೆಡಲು ಕಾರಣವಿದೆ. ಕೆಲಸ ನೋಡಿದ ಗ್ರಾಹಕರಿಗೆ ರೇಟಿಂಗ್ ಕೊಡುವ ಅಧಿಕಾರವಿಲ್ಲ. ರೇಟಿಂಗ್ ಕೊಡುವವರು ಕೆಲಸ ನೋಡಿಲ್ಲ. ಅವರಿಗೆ ಕಾಣುವುದು ಯುಟಿಲೈಸೇಶನ್ ಎಂಬ ಒಂದೇ ಅಂಕಿ: ತಿಂಗಳ 160 ಗಂಟೆಗಳಲ್ಲಿ ಎಷ್ಟಕ್ಕೆ ಬಿಲ್ ಆಯಿತು. 136 ಆದರೆ ಶೇಕಡಾ 85. ತರಬೇತಿಗೆ ಕುಳಿತ ಎರಡು ದಿನ, ಹೊಸಬರಿಗೆ ಹೇಳಿಕೊಟ್ಟ ಮಧ್ಯಾಹ್ನಗಳು, ಇನ್ನೊಂದು ತಂಡದ ಬೆಂಕಿ ಆರಿಸಲು ಹೋದ ರಾತ್ರಿ, ಇವೆಲ್ಲ ಈ ಭಾಗಾಕಾರದಲ್ಲಿ ನಿಮ್ಮ ವಿರುದ್ಧವೇ ಸೇರುತ್ತವೆ. ಹೊಸದನ್ನು ಕಲಿಯಿರಿ ಎಂದು ಪ್ರತಿ ತಿಂಗಳು ಮೇಲ್ ಬರುತ್ತದೆ. ಕಲಿಯುವುದು ಯಾವಾಗ ಎಂದು ಯಾರೂ ಬರೆಯುವುದಿಲ್ಲ.

ಕಲ್ಲಂಗಡಿ

ನನ್ನ ಬಳಕೆಯ ಹೆಸರು ನೋಡಿಯೇ ಕೆಲವರಿಗೆ ತಿಳಿದಿರಬೇಕು. ಹೊರಗೆ ಹಸಿರು, ಒಳಗೆ ಕೆಂಪು: ಕಾಗದದ ಮೇಲೆ ಎಲ್ಲ ಸರಿ, ಒಳಗೆ ಎಲ್ಲ ತೊಂದರೆ. ಪ್ರಾಜೆಕ್ಟಿನ ಸಾಪ್ತಾಹಿಕ ವರದಿಗೆ ನಮ್ಮ ವಲಯದಲ್ಲಿ ಹೀಗೆಯೇ ಹೇಳುವುದು.

ನಾನು ಬೆಂಬಲ ತಂಡದಲ್ಲಿದ್ದೇನೆ. ಟಿಕೆಟ್ (ಗ್ರಾಹಕರು ದಾಖಲಿಸುವ ತೊಂದರೆ) ಬಂದ 4 ಗಂಟೆಯೊಳಗೆ ಪರಿಹಾರವಾಗಬೇಕು, ಇಲ್ಲವಾದರೆ ದಂಡ. ಮೊದಲ ವಾರವೇ ಹಿರಿಯರೊಬ್ಬರು ಗುಟ್ಟು ಹೇಳಿಕೊಟ್ಟರು. ಮೂರೂವರೆ ಗಂಟೆಯಾದಾಗ ಗ್ರಾಹಕರಿಗೆ ಏನಾದರೊಂದು ಪ್ರಶ್ನೆ ಕೇಳು, ಟಿಕೆಟ್ಟನ್ನು "ಗ್ರಾಹಕರ ಉತ್ತರಕ್ಕಾಗಿ ಕಾಯಲಾಗುತ್ತಿದೆ" ಎಂಬ ಸ್ಥಿತಿಗೆ ಹಾಕು, ಗಡಿಯಾರ ನಿಲ್ಲುತ್ತದೆ. ಪ್ರಶ್ನೆ ಏನಾದರೂ ಆದೀತು. ನಾನು ಒಮ್ಮೆ "ಈ ತೊಂದರೆ ಈಗಲೂ ಇದೆಯೇ?" ಎಂದು ಕೇಳಿದ್ದೆ. ಇದೆ ಎಂದರು. ಮತ್ತೆ ಗಡಿಯಾರ ಓಡತೊಡಗಿತು.

ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಅರ್ಥಶಾಸ್ತ್ರಜ್ಞರು 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ, ಅಂಕಿಯೊಂದನ್ನು ಹತೋಟಿಗೆಂದು ಹಿಡಿದೊಡನೆ ಅದು ಹಿಂದಿನಂತೆ ನಡೆಯುವುದನ್ನು ಬಿಡುತ್ತದೆ ಎಂಬ ಅರ್ಥದ ಮಾತು ಹೇಳಿದ್ದರು. ಅವರು ನಮ್ಮ ಟಿಕೆಟ್ ಸಾಲನ್ನು ಒಂದು ದಿನ ನೋಡಿದ್ದರೆ ಸಾಕಿತ್ತು. ನಾಲ್ಕು ತಿಂಗಳು ನಮ್ಮ ಫಲಿತಾಂಶ ಶೇಕಡಾ ನೂರು. ಅದೇ ನಾಲ್ಕು ತಿಂಗಳು ಗ್ರಾಹಕರ ಕಡೆಯವರು ನಮ್ಮೊಡನೆ ಮಾತನಾಡುವ ಧ್ವನಿ ಬದಲಾಗಿತ್ತು. ಆ ಧ್ವನಿಗೆ ವರದಿಯಲ್ಲಿ ಕಾಲಂ ಇಲ್ಲ.

ಬೆಂಚಿನಿಂದ

ನಾನು ಓದು ಮುಗಿಸಿ ಸೇರಿ ಐದು ತಿಂಗಳಾಯಿತು. ಇನ್ನೂ ಪ್ರಾಜೆಕ್ಟ್ ಸಿಕ್ಕಿಲ್ಲ. ಈ ಹತ್ತು ದಿನದಲ್ಲಿ ಇಬ್ಬರು ಗ್ರಾಹಕರ ಸಂದರ್ಶನಕ್ಕೆ ಕಳುಹಿಸಿದರು. ಎರಡಕ್ಕೂ ನನ್ನ ಪರಿಚಯ ಪತ್ರದಲ್ಲಿ (ರೆಸ್ಯೂಮೆಯಲ್ಲಿ) ಮೂರು ವರ್ಷದ ಅನುಭವ ಎಂದು ತಿದ್ದಿದ್ದರು. ಅದು ನನಗೆ ಗೊತ್ತಾದದ್ದು ಎದುರಿನವರು ಆ ಮೂರು ವರ್ಷದ ಬಗ್ಗೆ ಪ್ರಶ್ನೆ ಕೇಳಿದಾಗ. ಏನು ಮಾಡಬೇಕಿತ್ತು?

ಒಂದೇ ಕುರ್ಚಿ

ಏನು ಉತ್ತರ ಕೊಟ್ಟಿರಿ?

ಬೆಂಚಿನಿಂದ

"ಅದು ತಪ್ಪಾಗಿ ಮುದ್ರಣವಾಗಿದೆ, ನಾನು ಹೊಸಬ" ಎಂದೆ. ಅವರು ನಕ್ಕರು, ಆಮೇಲೆ ಮೂಲಪಾಠದ ಪ್ರಶ್ನೆಗಳನ್ನು ಕೇಳಿದರು, ಚೆನ್ನಾಗಿ ಮಾತನಾಡಿದರು. ನಮ್ಮ ಕಂಪನಿಯವರು ಮಾತ್ರ ಅಂದಿನಿಂದ ನನ್ನೊಡನೆ ಮಾತನಾಡುತ್ತಿಲ್ಲ.

ಮೂರನೇ ಮಹಡಿ

ನೀವು ಮಾಡಿದ್ದು ಸರಿ. ಇದು ಮುದ್ರಣದೋಷವಲ್ಲ, ವಂಚನೆ. ಸಿಕ್ಕಿಬಿದ್ದ ದಿನ ಪತ್ರದ ಮೇಲಿರುವುದು ನಿಮ್ಮ ಹೆಸರು, ತಿದ್ದಿದವರದಲ್ಲ. ನೀವು ಕೊಟ್ಟ ಮೂಲ ಪ್ರತಿಯನ್ನು ಜೋಪಾನವಾಗಿಡಿ. "ನನ್ನ ಪತ್ರವನ್ನು ಕಳುಹಿಸುವ ಮುಂಚೆ ಅಂತಿಮ ರೂಪ ನನಗೆ ತೋರಿಸಿ" ಎಂದು ಇವತ್ತೇ ಒಂದು ಸಾಲಿನ ಮೇಲ್ ಹಾಕಿ. ಬೈಗುಳವಿಲ್ಲದೆ, ವಿವರಣೆಯಿಲ್ಲದೆ.

ಇದರ ಇನ್ನೊಂದು ರೂಪವೂ ಇದೆ. ಸಂದರ್ಶನಕ್ಕೆ ಪಳಗಿದವರನ್ನು ಕೂರಿಸಿ, ಕೆಲಸಕ್ಕೆ ಹೊಸಬರನ್ನು ಕಳುಹಿಸುವುದು. ಮಧ್ಯದವನು ಕೊಟ್ಟ 30ರ ಲೆಕ್ಕ ಇಲ್ಲಿಯೂ ಹೊಂದುತ್ತದೆ.

ಇನ್ನೊಂದು ರಾಗ

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ಸ್ವಲ್ಪ ಅಪಸ್ವರ ಇರಲಿ. ನಾನು ಆರು ವರ್ಷ ಗುತ್ತಿಗೆ ಕಂಪನಿಯಲ್ಲಿದ್ದು ಬ್ಯಾಂಕು, ವಿಮೆ, ಆಸ್ಪತ್ರೆ, ಸರಕು ಸಾಗಣೆ ಎಂದು ನಾಲ್ಕು ಲೋಕಗಳನ್ನು ಒಳಗಿನಿಂದ ನೋಡಿದ್ದೇನೆ. ಉತ್ಪನ್ನ ಕಂಪನಿಯಲ್ಲಿದ್ದ ನನ್ನ ಸಹಪಾಠಿ ಆರು ವರ್ಷವೂ ಒಂದೇ ಪುಟದ ಒಂದೇ ಗುಂಡಿಯ ಸುತ್ತ ತಿರುಗಿದಳು. ಅವಳ ಸಂಬಳ ಹೆಚ್ಚು, ಅದು ಬೇರೆ ಮಾತು.

ಒಳ್ಳೆಯ ಮ್ಯಾನೇಜರ್ ಕೂಡ ಸಿಕ್ಕಿದ್ದರು. ಒಮ್ಮೆ ನನ್ನ ತಪ್ಪಿನಿಂದ ಗ್ರಾಹಕರ ದತ್ತಾಂಶದ ಒಂದು ಕೋಷ್ಟಕ ಅಳಿಸಿಹೋಯಿತು. ಬ್ಯಾಕಪ್ ಇತ್ತು, ಎರಡು ಗಂಟೆಯಲ್ಲಿ ಮರಳಿ ಬಂತು. ಸಭೆಯಲ್ಲಿ ಗ್ರಾಹಕರು "ಇದನ್ನು ಮಾಡಿದವರು ಯಾರು?" ಎಂದು ಕೇಳಿದರು. "ನಮ್ಮ ತಂಡ. ಅಳಿಸುವ ಅನುಮತಿ ಅಷ್ಟು ಸುಲಭವಾಗಿ ಸಿಗುವಂತೆ ಇಟ್ಟದ್ದು ನಾನು" ಎಂದರು ಆಕೆ. ಹೊರಗೆ ಬಂದ ಮೇಲೆ ನನ್ನನ್ನು ಬೈಯಲೂ ಇಲ್ಲ, ಸಮಾಧಾನಪಡಿಸಲೂ ಇಲ್ಲ. "ಅನುಮತಿಯ ಪಟ್ಟಿ ನಾಳೆಯೊಳಗೆ ಸರಿಪಡಿಸು" ಎಂದರು, ಅಷ್ಟೇ. ಆಮೇಲೆ ಆ ತಂಡದಲ್ಲಿ ಯಾರೂ ತಪ್ಪನ್ನು ಮುಚ್ಚಿಡಲಿಲ್ಲ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಹೊರಟವರಿಗೆ ಅಲ್ಲಿಯೇ ಹೆಚ್ಚು ತಪ್ಪುಗಳು ಕಂಡವು. ಅಲ್ಲಿಯವರು ಹೇಳಿಕೊಳ್ಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಕಲ್ಲಂಗಡಿಯವರ ಶೇಕಡಾ ನೂರನ್ನು ಓದಿದಾಗ ಇದೇ ನೆನಪಾಯಿತು. ಹಾಗಾಗಿ ಎಲ್ಲವನ್ನೂ ಒಪ್ಪಂದದ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅದೇ ಒಪ್ಪಂದ, ಅದೇ ದರ. ಆಕೆ ಹೋಗಿ ಬೇರೆಯವರು ಬಂದ ಮೂರೇ ತಿಂಗಳಿಗೆ ಮುಚ್ಚಿಡುವುದು ಶುರುವಾಯಿತು.

ಎರಡು ಬ್ಯಾಡ್ಜ್

ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಒಂದು ಸಣ್ಣ ವಿಷಯ, ಕೇಳಲು ನಾಚಿಕೆಯಾಗುತ್ತದೆ. ಗ್ರಾಹಕರು ಕಳೆದ ತಿಂಗಳು ಪ್ರಾಜೆಕ್ಟ್ ಮುಗಿದ ಸಂಭ್ರಮಕ್ಕೆ ಇಡೀ ತಂಡವನ್ನು ಕರೆದರು, ನಮ್ಮ ನಾಲ್ವರನ್ನು ಬಿಟ್ಟು. ಅದರ ಅರ್ಧ ಕೋಡ್ ನಮ್ಮದು. ಮಹಡಿ ಖಾಲಿಯಾಯಿತು, ನಾವು ನಾಲ್ವರು ಕುಳಿತು ಟಿಕೆಟ್ ನೋಡುತ್ತಿದ್ದೆವು. ಇದು ಬೇಕೆಂದೇ ಮಾಡುವ ಅವಮಾನವೇ?

ಹಳೆಯ ಕಡತ

ಕೆಲವು ಕಡೆ ಅವಮಾನ, ಬಹಳಷ್ಟು ಕಡೆ ವಕೀಲರ ಸಲಹೆ. ಹಿನ್ನೆಲೆ ಹೇಳುತ್ತೇನೆ.

ಅಮೆರಿಕದಲ್ಲಿ ಮೈಕ್ರೋಸಾಫ್ಟ್ ವರ್ಷಾನುಗಟ್ಟಲೆ ಕೆಲವರನ್ನು ಸ್ವತಂತ್ರ ಕೆಲಸಗಾರರು ಎಂದೂ ಆಮೇಲೆ ಏಜೆನ್ಸಿಗಳ ತಾತ್ಕಾಲಿಕ ನೌಕರರು ಎಂದೂ ದುಡಿಸಿಕೊಂಡಿತ್ತು. ಕಾಯಂ ನೌಕರರ ಪಕ್ಕದಲ್ಲೇ ಕುಳಿತು ಅದೇ ಕೆಲಸ ಮಾಡುತ್ತಿದ್ದರು, ಬ್ಯಾಡ್ಜ್‌ನ ಬಣ್ಣ ಮಾತ್ರ ಬೇರೆ. ಕಾಯಂ ನೌಕರರಿಗೆ ಸಿಗುವ ರಿಯಾಯಿತಿ ದರದ ಷೇರು ತಮಗೂ ಸಿಗಬೇಕು ಎಂದು ಅವರು ನ್ಯಾಯಾಲಯಕ್ಕೆ ಹೋದರು. 2000ದಲ್ಲಿ ಕಂಪನಿ 9.7 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕಾಯಂ ಎನ್ನುವಂತಿರುವ ತಾತ್ಕಾಲಿಕ ನೌಕರ ಎಂಬುದಕ್ಕೆ ಇಂಗ್ಲಿಷಿನಲ್ಲಿ ಪರ್ಮಾಟೆಂಪ್ ಎಂಬ ಪದ ಮನೆಮಾತಾದದ್ದು ಈ ಪ್ರಕರಣದಿಂದ.

ಇದರಿಂದ ದೊಡ್ಡ ಕಂಪನಿಗಳು ಕಲಿತ ಪಾಠ ವಿಚಿತ್ರ. ಹೊರಗಿನವರನ್ನು ಸರಿಸಮವಾಗಿ ನೋಡಿಕೊಳ್ಳೋಣ ಎಂದು ಕಲಿಯಲಿಲ್ಲ. ಅವರು ಹೊರಗಿನವರೇ ಎಂದು ಪ್ರತಿ ಹೆಜ್ಜೆಯಲ್ಲೂ ತೋರಿಸಬೇಕು ಎಂದು ಕಲಿತರು. ಸಂಭ್ರಮಕ್ಕೆ ಕರೆಯಬೇಡಿ, ಬಹುಮಾನ ಕೊಡಬೇಡಿ, ತರಬೇತಿಗೆ ಕೂರಿಸಬೇಡಿ, ನೇರವಾಗಿ ರೇಟಿಂಗ್ ಕೊಡಬೇಡಿ. ನಿಮ್ಮೊಡನೆ ನಗುನಗುತ್ತಾ ಇರುವ ಗ್ರಾಹಕರ ಮ್ಯಾನೇಜರ್ ಆ ದಿನ ಕಣ್ಣು ತಪ್ಪಿಸಿ ಲಿಫ್ಟ್ ಹತ್ತಿದ್ದರೆ, ಅವರಿಗೂ ಇರಿಸುಮುರಿಸಾಗಿತ್ತು ಎಂದುಕೊಳ್ಳಬಹುದು.

ಎರಡು ಬ್ಯಾಡ್ಜ್

ಲಿಫ್ಟ್ ಅಲ್ಲ, ಮೆಟ್ಟಿಲು. ಉಳಿದದ್ದೆಲ್ಲ ಹಾಗೆಯೇ.

ಎಣಿಕೆಯವಳು

ಅನಾಮಧೇಯ ಸಮೀಕ್ಷೆ ಬಂದರೆ ನಾಲ್ವರ ತಂಡದಲ್ಲಿದ್ದುಕೊಂಡು ಮನಸ್ಸು ಬಿಚ್ಚಿ ಬರೆಯಬೇಡಿ. ಸ್ಥಳ, ಹುದ್ದೆ, ಸೇವಾವಧಿ ಮೂರನ್ನೂ ತುಂಬಿದ ಮೇಲೆ ಉಳಿಯುವ ಅನಾಮಧೇಯ ನೀವೊಬ್ಬರೇ.

ಮಧ್ಯದವನು

ಅದು ನಿಜ. ನಾವು ಊಹಿಸುತ್ತೇವೆ. ಸಾಮಾನ್ಯವಾಗಿ ಸರಿಯಾಗಿಯೇ ಊಹಿಸುತ್ತೇವೆ.

ಮೊದಲ ಪ್ರಶ್ನೆಗೆ ಮರಳುತ್ತೇನೆ. ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದನ್ನು ನೀವು ಬರೆದು ಕಳುಹಿಸಿ: "ಈಗ ಫೋನಿನಲ್ಲಿ ತಿಳಿಸಿದಂತೆ, 11 ಗಂಟೆ ಕೆಲಸ ಮಾಡಿದ್ದರೂ 8 ಎಂದು ನಮೂದಿಸಬೇಕೇ? ದೃಢಪಡಿಸಿ." ನಮ್ಮಂಥವರು ಹೆದರುವುದು ಇಂಥ ಮೇಲ್‌ಗೆ ಮಾತ್ರ. ಗ್ರಾಹಕರ ಗೋಪ್ಯ ಕಡತಗಳನ್ನು ಸಾಕ್ಷಿ ಎಂದು ಸ್ವಂತ ಮೇಲ್‌ಗೆ ಕಳುಹಿಸಿಕೊಳ್ಳಬೇಡಿ. ಹಾಗೆ ಮಾಡಿದವರನ್ನು ಕೆಲಸದಿಂದ ತೆಗೆಯಲು ಅದೊಂದೇ ಸಾಕಾಗುತ್ತದೆ, ನಿಮ್ಮ ದೂರು ಎಷ್ಟೇ ಸರಿಯಿರಲಿ. ದಿನಾಂಕ, ಗಂಟೆ, ಮಾಡಿದ ಕೆಲಸ, ಇಷ್ಟನ್ನು ಸ್ವಂತ ನೋಟ್‌ಬುಕ್‌ನಲ್ಲಿ ಬರೆದಿಡಿ.

ಇದನ್ನು ನನ್ನ ತಂಡದವರು ಓದುತ್ತಿದ್ದರೆ, ಓದಲಿ.

ಒಂದೇ ಕುರ್ಚಿ

ಬೇರೆಡೆ ಸಂದರ್ಶನಕ್ಕೆ ಹೋದರೆ ನೀವೂ ಪ್ರಶ್ನೆ ಕೇಳಿ. ಈ ಒಪ್ಪಂದದಲ್ಲಿ ಇನ್ನು ಎಷ್ಟು ತಿಂಗಳು ಉಳಿದಿದೆ? ಬಿಲ್ ಗಂಟೆಗೋ, ಇಡೀ ಕೆಲಸಕ್ಕೋ? ಆರಂಭದಲ್ಲಿ ಇದ್ದವರಲ್ಲಿ ಎಷ್ಟು ಜನ ಈಗಲೂ ಇದ್ದಾರೆ? ನನ್ನ ವಿಮರ್ಶೆ ಬರೆಯುವವರು ಯಾರು, ಅವರು ನನ್ನ ಕೆಲಸವನ್ನು ಎಲ್ಲಿಂದ ನೋಡುತ್ತಾರೆ? ಸಂಬಳದ ಮಾತು ಅದಾದ ಮೇಲೆ. ಒಂಬತ್ತು ವರ್ಷದ ಹಿಂದೆ ನಾನು ಕೇಳಿದ್ದು ಸಂಬಳ ಮಾತ್ರ.

ಎರಡು ಬ್ಯಾಡ್ಜ್

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಒಂದು ಶುಕ್ರವಾರ 55 ಎಂದು ಬರೆದು ಕಳುಹಿಸಿದೆ. ಫೋನ್ ಬಂತು. ಮಧ್ಯದವನು ಹೇಳಿದ ಸಾಲನ್ನೇ ಮೇಲ್‌ನಲ್ಲಿ ಹಾಕಿದೆ. ಉತ್ತರ ಬರಲಿಲ್ಲ. ಟೈಮ್‌ಶೀಟ್ ಮಾತ್ರ "ತಿದ್ದಲು ಮರಳಿಸಲಾಗಿದೆ" ಎಂದು ಮೂರು ಸಲ ವಾಪಸು ಬಂತು, ಮೂರು ಸಲವೂ ಷರಾ ಖಾಲಿ. ಮೂರು ಸಲವೂ ಹಾಗೆಯೇ ಮತ್ತೆ ಕಳುಹಿಸಿದೆ. ತಿಂಗಳ ಕೊನೆ ಬಂತು, ಬಿಲ್ ಹೋಗಬೇಕಿತ್ತು, ಒಪ್ಪಿಗೆಯಾಯಿತು. ಗ್ರಾಹಕರಿಗೆ 40 ಎಂದೇ ಹೋಗಿರುತ್ತದೆ, ಅದು ನನಗೆ ಗೊತ್ತು. ನಮ್ಮ ಕಡೆಯ ದಾಖಲೆಯಲ್ಲಿ 55 ಇದೆ. ಅದರಿಂದ ನನಗೆ ಏನು ಸಿಗುತ್ತದೋ ತಿಳಿಯದು. ಆ ರಾತ್ರಿ ಮಾತ್ರ ಚೆನ್ನಾಗಿ ನಿದ್ದೆ ಬಂತು.

ಇನ್ನೊಂದು ಕಂಪನಿಯ ಸಂದರ್ಶನಕ್ಕೂ ಹೋಗಿದ್ದೆ. ಒಂದೇ ಕುರ್ಚಿಯವರ ನಾಲ್ಕೂ ಪ್ರಶ್ನೆ ಕೇಳಿದೆ. ಮೊದಲ ಮೂರಕ್ಕೆ ತಡವರಿಸದೆ ಉತ್ತರ ಕೊಟ್ಟರು. ವಿಮರ್ಶೆ ಬರೆಯುವವರು ಯಾರು ಎಂದಾಗ "ಒಂದು ನಿಮಿಷ" ಎಂದು ಹೇಳಿ ಧ್ವನಿ ಬಂದ್ ಮಾಡಿಕೊಂಡರು. ಪರದೆಯ ಮೇಲೆ ಮೂವರ ತುಟಿಗಳು ಅಲುಗಾಡುವುದು ಕಾಣುತ್ತಿತ್ತು. ಮರಳಿ ಬಂದು, ಅದು ಇನ್ನೂ ತೀರ್ಮಾನವಾಗಿಲ್ಲ ಎಂದರು.

ಒಂದೇ ಕುರ್ಚಿ

ಸೇರಿದಿರಾ?

ಎರಡು ಬ್ಯಾಡ್ಜ್

ಇಲ್ಲ. ಇನ್ನೆರಡು ಕಡೆ ಹೇಳಿದ್ದೇನೆ. ನಾಳೆ ಶುಕ್ರವಾರ, ಈ ವಾರ 52 ಆಗಿದೆ.